ಗೋಪಾಲಪ್ಪನ ರಕ್ತ

ಗೋಪಾಲಪ್ಪನ ಹೆಗಲ ಮೇಲೆ ಪಂಚಾಯ್ತಿಯವರು ಶಾಲು ಹೊದಿಸಿದ ದಿನದಿಂದ ಪರಮಶಿವಪ್ಪನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಜಡೆ ಪೇಟೆಯಲ್ಲಿ ಗೊಬ್ಬರದಂಗಡಿ ಇಟ್ಟುಕೊಂಡು ಊರಿಗೆಲ್ಲ ಬುದ್ಧಿ ಹೇಳುವವನು ತಾನು. ಶಾಲು ಮಾತ್ರ ಪಕ್ಕದ ಮನೆಯವನಿಗೆ! ಅದೂ ಯಾಕೆ? ಮಂಗನ ಕಾಯಿಲೆಯ ವೈರಾಣುವನ್ನು ಗುರುತು ಹಿಡಿಯುವ ಕೋಶಗಳು ಅವನ ರಕ್ತದಲ್ಲಿ ಸಿಕ್ಕಿದವಂತೆ.

ಹೋದ ವರ್ಷ ಆ ರಕ್ತ ಪರೀಕ್ಷಿಸಿದ್ದ ಸಂಶೋಧಕಿ ಗಂಗಾಶ್ರೀ ಈ ವರ್ಷ ಮತ್ತೆ ಬಂದಳು. ಶಾಲೆಯ ಜಗಲಿಯಲ್ಲಿ ನಿಂತು ವಿವರಿಸಿದಳು: "ರಕ್ತದಲ್ಲಿ ಟಿ ಕೋಶ ಅಂತ ಕಾವಲುಗಾರ್ರು ಇರ್ತಾರೆ. ಒಬ್ಬೊಬ್ಬನ ಮೈಮೇಲೆ ಒಂದೊಂದು ಥರದ ಕೊಕ್ಕೆ. ಯಾವ ಕೊಕ್ಕೆಗೆ ಯಾವ ವೈರಾಣು ಬೀಳುತ್ತೆ ಅಂತ ಮುಂಚೆ ಒಂದೊಂದೇ ನೋಡ್ಬೇಕಿತ್ತು. ಈಗ ಯಂತ್ರದಲ್ಲಿ ಸಾವಿರಾರು ಕೋಶ ಒಂದೇ ಸಲಕ್ಕೆ ನೋಡ್ತೀವಿ."

"ಸಾವಿರ ಯಾಕ್ರೀ, ನಮ್ ಗೋಪಾಲಪ್ಪಂದು ಒಂದು ತೊಟ್ಟು ಸಾಕಲ್ಲ!" ಎಂದಳು ಎದುರುಮನೆ ವನಜಮ್ಮ. ಎಲ್ಲರೂ ನಕ್ಕರು. ಪರಮಶಿವಪ್ಪನ ಹೆಂಡತಿ ನೀಲಾಂಬಿಕ ಎಲ್ಲರಿಗಿಂತ ಜೋರಾಗಿ ನಕ್ಕಳು.

ನರ್ಸ್ ಊರಿಗೆ ಹೊಸಬಳು. ಬಂದವರ ಹೆಸರನ್ನು ಬಂದ ಕ್ರಮದಲ್ಲೇ ಕೊಳವೆಗಳಿಗೆ ಅಂಟಿಸಿಟ್ಟಳು. ಊರಿನವರೋ, ರೇಷನ್ ಅಂಗಡಿಯ ಅಭ್ಯಾಸದಂತೆ, ಅದೇ ಕ್ರಮದಲ್ಲಿ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ನೆರಳಿಗೆ ಹೋದರು. ಪರಮಶಿವಪ್ಪನ ಚಪ್ಪಲಿ ಮುಂದೆ, ಅದರ ಹಿಂದೆ ಗೋಪಾಲಪ್ಪನದು. ಯಾರೂ ನೋಡದಾಗ ಪರಮಶಿವಪ್ಪ ಎರಡು ಜೊತೆಯನ್ನೂ ಕಾಲಲ್ಲೇ ಸರಿಸಿ ಅದಲುಬದಲು ಮಾಡಿದ.

ಗೋಪಾಲಪ್ಪ ತನ್ನ ಚಪ್ಪಲಿ ನೋಡಿಕೊಂಡು ಮೊದಲು ಹೋಗಿ ಕೈ ಚಾಚಿದ. ಹೆಸರು ಕೇಳುವಷ್ಟು ಪುರುಸೊತ್ತು ನರ್ಸ್‌ಗೆ ಇರಲಿಲ್ಲ. ಅವನ ರಕ್ತ ಪರಮಶಿವಪ್ಪನ ಹೆಸರಿನ ಕೊಳವೆಗೆ ಇಳಿಯಿತು. ಆಮೇಲೆ ಹೋಗಿ ಗೋಪಾಲಪ್ಪನ ಹೆಸರಿನ ಕೊಳವೆಗೆ ರಕ್ತ ಕೊಟ್ಟ ಪರಮಶಿವಪ್ಪ ಸೂಜಿ ಚುಚ್ಚುವಾಗಲೂ ನಗುತ್ತಲೇ ಇದ್ದ.

ಫಲಿತಾಂಶ ಹೇಳುವ ಸಭೆ ಸೊರಬದಲ್ಲಿ. ಅವನು ಶಿಕಾರಿಪುರದ ಬೀಗರನ್ನೂ ಕರೆಸಿಕೊಂಡು, ಇಸ್ತ್ರಿ ಅಂಗಿ ತೊಟ್ಟು ಮುಂದಿನ ಸಾಲಿನಲ್ಲೇ ಕೂತ.

"ಇಷ್ಟು ಒಳ್ಳೇ ಕೊಕ್ಕೆಗಳಿರೋ ರಕ್ತ ನಾವು ಎಲ್ಲೂ ನೋಡಿಲ್ಲ," ಎಂದಳು ಗಂಗಾಶ್ರೀ ಮೈಕಿನಲ್ಲಿ. ಪರಮಶಿವಪ್ಪ ಅರ್ಧ ಎದ್ದ. "ಹೋದ ವರ್ಷಕ್ಕಿಂತ ಹತ್ತು ಪಟ್ಟು! ಮತ್ತೆ ಅದೇ ಗೋಪಾಲಪ್ಪನವರು! ಪರಮಶಿವಪ್ಪನವರದ್ದೂ ಪರವಾಗಿಲ್ಲ."

ಹತ್ತು ಪಟ್ಟಿನ ಆ ರಕ್ತ ತನ್ನದು! ಪರಮಶಿವಪ್ಪನಿಗೆ ಕೂಗಿ ಹೇಳಬೇಕೆನಿಸಿತು. ಹೇಳಿದರೆ ಬೀಗರ ಎದುರು ಚಪ್ಪಲಿಯ ಸಂಗತಿಯನ್ನೂ ಹೇಳಬೇಕು.

"ಕೂತ್ಕಳ್ರೀ, ಹಿಂದಿನೋರಿಗೆ ಕಾಣಲ್ಲ," ಎಂದು ನೀಲಾಂಬಿಕ ಅವನ ಅಂಗಿ ಜಗ್ಗಿದಳು.

ವೇದಿಕೆ ಹತ್ತಲು ಬಂದ ಗೋಪಾಲಪ್ಪ ಅವನ ಕಾಲ ಬಳಿಯೇ ಚಪ್ಪಲಿ ಕಳಚಿ, ಪ್ರೀತಿಯಿಂದ ಬಗ್ಗಿ ಹೇಳಿದ: "ಜನ ಜಾಸ್ತಿ ಇದಾರೆ ಮಾರಾಯ. ಇದು ಯಾರ್ದಾದ್ರೂ ಜೊತೆ ಅದಲುಬದಲಾಗ್ದಂಗೆ ಸ್ವಲ್ಪ ನೋಡ್ಕಳಪ್ಪ."