ಅತ್ತೆಗೆ ಸೋಲುವ ತಂಡವೇ ಬೇಕು

ನಮ್ಮ ಸೋದರತ್ತೆ ಫುಟ್‌ಬಾಲಿನ ಮಹಾಪಂಡಿತೆ. ಒಂದು ತಂಡದಲ್ಲಿ ಎಷ್ಟು ಮಂದಿ ಆಡುತ್ತಾರೆ ಎಂದು ಮಾತ್ರ ಕೇಳಬೇಡಿ. “ಬೇಕಾದಷ್ಟು!” ಎನ್ನುತ್ತಾಳೆ. ಚೆಂಡನ್ನು ಜನ್ಮದಲ್ಲಿ ಒಮ್ಮೆಯೂ ಒದ್ದವಳಲ್ಲ. ಆದರೆ ಫುಟ್‌ಬಾಲ್ ಸಿನಿಮಾ? ಅದೂ ಸೋತು ಸುಣ್ಣವಾದ ತಂಡ ಕೊನೆಗೆ ಕಪ್ ಎತ್ತಿ ಊರಿಗೆ ಊರೇ ಅಳುವಂಥ ಸಿನಿಮಾ? ಬೈಲಹೊಂಗಲದಲ್ಲಿ ಆಕೆಯಷ್ಟು ನೋಡಿದವರು ಇನ್ನೊಬ್ಬರಿದ್ದರೆ ನಾನು ಮೀಸೆ ಬೋಳಿಸುತ್ತೇನೆ!

ಅತ್ತೆಯ ಕಸುಬು ಜಂಪರ್, ಅಂದರೆ ರವಿಕೆ, ಹೊಲಿಯುವುದು. ಅವಳ ಮನೆ ನಮ್ಮ ಮನೆಗೆ ಗೋಡೆಗೆ ಗೋಡೆ. ಕೆಲವು ವರ್ಷಗಳ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಹೊತ್ತು ಹೋಗಲೆಂದು ನಾನು ಮೊಬೈಲಿನಲ್ಲಿ ಯಾವುದೋ ಸಿನಿಮಾ ಹಚ್ಚಿಕೊಟ್ಟು ಕೆಲಸಕ್ಕೆ ಹೋದೆ. ಆಮೇಲೆ ನೆನಪಾಯಿತು, ಅದು ಕನ್ನಡವೂ ಅಲ್ಲ, ಹಿಂದಿಯೂ ಅಲ್ಲ! ಯಾವ ದೇಶದ ಭಾಷೆ ಎಂದು ನನಗಿನ್ನೂ ಗೊತ್ತಿಲ್ಲ. ಸಂಜೆ ಓಡಿ ಬಂದು ನೋಡಿದರೆ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾಳೆ.

“ಅತ್ತಿ, ಏನೂ ತಿಳಿದಿರೂದಿಲ್ಲ. ಬ್ಯಾರೆ ಹಚ್ಚಿಕೊಡ್ಲೇನು?”

“ಸುಮ್ನಿರೋ! ಕೋಚ್ ಬೈಯಾಕ ಹತ್ಯಾನ, ಹುಡುಗರು ತಲಿ ಕೆಳಗ ಹಾಕ್ಯಾರ. ಇದಕ್ಕ ಭಾಷಿ ಯಾಕ ಬೇಕು?”

ಅಂದಿನಿಂದ ಹಿಡಿದ ಹುಚ್ಚು ಇದು. ಕಾಲು ಕೂಡಿತು, ಹುಚ್ಚು ಬಿಡಲಿಲ್ಲ. ಜಂಪರಿಗೆ ಹುಕ್ ಹಚ್ಚುತ್ತ, ಮೊಬೈಲನ್ನು ದಾರದ ಡಬ್ಬಿಗೆ ಆನಿಸಿಟ್ಟು ದಿನಕ್ಕೊಂದು ಸಿನಿಮಾ. ಮುಂದೇನಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತಾಳೆ. ಈ ಹುಡುಗನ ಕಾಲು ಮುರಿಯುತ್ತದೆ. ಆ ಕೋಚ್ ಸಿಟ್ಟಾಗಿ ಊರು ಬಿಡುತ್ತಾನೆ. ಮಳೆ ಬರುತ್ತದೆ. ಕೋಚ್ ತಿರುಗಿ ಬರುತ್ತಾನೆ. ಹೇಳಿದ್ದು ಹೇಳಿದಂತೆ ಆದಾಗ ಹೊಸದಾಗಿ ನೋಡಿದವಳ ಹಾಗೆ ಅಳುತ್ತಾಳೆ!

ನಾನೊಮ್ಮೆ ತಾಳಲಾರದೆ ಕೇಳಿದೆ, “ಅತ್ತಿ, ಎಲ್ಲಾ ಸಿನಿಮಾನೂ ಒಂದ ಥರಾ ಅಲ್ಲೇನು?”

ಅತ್ತೆ ಸೂಜಿ ನಿಲ್ಲಿಸಿ ನನ್ನನ್ನು ನೋಡಿದಳು. “ಜಂಪರೂ ಎಲ್ಲಾ ಒಂದ ಥರಾನ. ಹಂಗಂತ ನಿನ್ನ ಹೇಣ್ತಿ ಒಂದ ಹೊಲಿಸಿ ಬಿಟ್ಟಾಳೇನು?”



ಇಷ್ಟು ಹುಚ್ಚಿದೆಯಲ್ಲ, ನಿಜವಾದ ಪಂದ್ಯ ತೋರಿಸೋಣವೆಂದು ಒಂದು ಭಾನುವಾರ ಟಿವಿ ಮುಂದೆ ಕೂರಿಸಿದೆ. ದೊಡ್ಡ ದೊಡ್ಡ ಆಟಗಾರರು, ಕಿಕ್ಕಿರಿದ ಜನ. ಅತ್ತೆ ಹತ್ತು ನಿಮಿಷ ನೋಡಿದಳು, ಆಕಳಿಸಿದಳು. “ಇವರ ಅವ್ವಂದಿರು ಎಲ್ಲೆದಾರ?” ಎಂದಳು.

“ಅವ್ವಂದಿರು ಯಾಕ ಅತ್ತಿ?”

“ಗ್ಯಾಲರಿಯಾಗ ಕುಂತು ಅಳಬೇಕಲ್ಲೋ! ಗೋಲೂ ಇಲ್ಲ, ಒಬ್ಬಾಕಿ ಅವ್ವಾನೂ ಅಳವಲ್ಲಳು. ಇದ್ಯಾವ ಸೀಮಿ ಫುಟ್‌ಬಾಲೋ?”

ಎದ್ದು ಹೋಗಿ ಜಂಪರಿನ ಹುಕ್ಕಿಗೆ ಕಾಜಾ ಹೊಲಿಯತೊಡಗಿದಳು.

ಸಿನಿಮಾದಲ್ಲಿ ಅವಳಿಗೆ ಬೇಕಾದದ್ದು ಗೋಲಲ್ಲ, ಅರ್ಧ ಆಟ ಮುಗಿದಾಗಿನ ಕೋಚನ ಭಾಷಣ. ನೋಡಿ ನೋಡಿ ತಾನೇ ಕೋಚ್ ಆಗಿಬಿಟ್ಟಳು! ಉಗರಗೋಳದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ಸವದತ್ತಿ ಇನ್ನೂ ದೂರವಿರುವಾಗ ಏರಿನಲ್ಲಿ ಬಸ್ಸು ಕೆಮ್ಮಿ ನಿಂತಿತು. ಇಳಿದು ನೂಕಿರೆಂದು ಕಂಡಕ್ಟರ್ ಕೂಗಿದ. ಯಾರೂ ಕೂತಲ್ಲಿಂದ ಅಲುಗಲಿಲ್ಲ. ಅತ್ತೆ ಎದ್ದು ನಿಂತಳು.

“ಹಿಂಗ ಕುಂತ್ರ ಏನಾಗತೈತ್ರಿ? ಇವತ್ತ ಸೋತ್ರ ನಾಳೆ ಹೆಂಗ ಮಾರಿ ತೋರಸ್ತೀರಿ? ಇಳೀರಿ! ಒಬ್ಬೊಬ್ಬರ ಇಳೀಬ್ಯಾಡ್ರಿ, ಒಂದ ಟೀಮ್ ಆಗಿ ಇಳೀರಿ!”

ನಂಬುತ್ತೀರೋ ಇಲ್ಲವೋ, ಉಳ್ಳಾಗಡ್ಡಿ ಚೀಲ ಹಿಡಿದ ಮುದುಕ ಸಹ ಧೋತರ ಎತ್ತಿ ಕಟ್ಟಿ ಇಳಿದ! ಎಲ್ಲರೂ ನೂಕಿದರು. ಬಸ್ಸು ಗುರ್ರೆಂದು ಹೊರಟಿತು. ನಿಲ್ಲಿಸಿದರೆ ಮತ್ತೆ ನಿಂತೇಹೋದೀತೆಂದು ಡ್ರೈವರ್ ನಿಲ್ಲಿಸಲಿಲ್ಲ. ಜನ ಓಡೋಡಿ ಹತ್ತಿಕೊಂಡರು. ಅತ್ತೆ ಮಾತ್ರ ಎರಡೂ ಕೈ ಮೇಲೆತ್ತಿ ರಸ್ತೆಯ ನಡುವೆ ಕುಣಿಯುತ್ತಿದ್ದಳು.

“ಅತ್ತಿ, ಬಸ್ ಹೋತು!”

“ಹೋಗ್ಲಿ ಬಿಡೋ. ಗೆದ್ವಲ್ಲೋ!”

ಟ್ರ್ಯಾಕ್ಟರ್ ಹತ್ತಿ ಉಗರಗೋಳ ಮುಟ್ಟುವಷ್ಟರಲ್ಲಿ ಎಲ್ಲರ ಊಟವೂ ಆಗಿತ್ತು.

ಹೀಗಿರುವಾಗ ಒಂಬತ್ತನೆಯ ತರಗತಿಯ ನನ್ನ ಮಗಳು ಸಾಲೆಯ ಫುಟ್‌ಬಾಲ್ ತಂಡ ಸೇರಿದಳು. ಗೋಲ್‌ಕೀಪರ್! ಮೊದಲ ಪಂದ್ಯ ಎಂ.ಕೆ. ಹುಬ್ಬಳ್ಳಿಯಲ್ಲಿ. ಅತ್ತೆ ಮಷಿನ್ನಿಗೆ ಬಟ್ಟೆ ಮುಚ್ಚಿ, ಇಳಕಲ್ ಸೀರೆ ಉಟ್ಟು ಹೊರಟಳು. ಅರ್ಧ ಆಟಕ್ಕೆ ನಮ್ಮ ಹುಡುಗಿಯರ ಮೇಲೆ ನಾಲ್ಕು ಗೋಲಾಗಿತ್ತು. ಅತ್ತೆಯ ಕಣ್ಣು ಹೊಳೆಯಿತು.

“ಸೋಲಾಕ ಹತ್ಯಾರ! ಛಲೋ ಆತು!”

ತಡೆಯುವಷ್ಟರಲ್ಲಿ ಅಂಗಳಕ್ಕಿಳಿದಿದ್ದಳು. ಎಂಥ ಭಾಷಣ! ಹುಡುಗಿಯರು ಮುಷ್ಟಿ ಬಿಗಿದು ಕೂಗಿದರು. ಪಿಟಿ ಮಾಸ್ತರರೂ ಕೂಗಿದರು. ಎರಡನೆಯ ಅರ್ಧ ಶುರುವಾಯಿತು. ಇನ್ನೂ ಐದು ಗೋಲಾಯಿತು.

ಒಂಬತ್ತು ಸೊನ್ನೆ!

ಎಲ್ಲರೂ ಹೋದ ಮೇಲೂ ಮಗಳು ಗೋಲಿನ ಕಂಬಕ್ಕೆ ಒರಗಿ ಕೂತಿದ್ದಳು. ಕೈಗವಸು ಬಿಚ್ಚಿರಲಿಲ್ಲ. ನಾನು ಕರೆದರೂ ತಿರುಗಲಿಲ್ಲ. ಅತ್ತೆ ಹೋಗಿ ಪಕ್ಕದಲ್ಲಿ ಕೂತಳು. ಈಗ ಶುರುವಾಯಿತು ಇನ್ನೊಂದು ಭಾಷಣ ಎಂದುಕೊಂಡೆ. ಅತ್ತೆ ಅವಳ ಕೈಗವಸುಗಳನ್ನು ಒಂದೊಂದಾಗಿ ಬಿಚ್ಚಿದಳು.

“ಆಯಿ, ನಾ ಇನ್ನ ಆಡೂದಿಲ್ಲ,” ಎಂದಳು ಮಗಳು. ಅವಳಿಗೆ ಅತ್ತೆ ಆಯಿ, ಅಂದರೆ ಅಜ್ಜಿ. “ಸಿನಿಮಾದಾಗ ಗೆಲ್ತಾರ. ನಮ್ಮಂಥಾವರು ಎಲ್ಲಿ ಗೆಲ್ಲೂದು?”

“ನಾ ಮೆಟ್ರಿಕ್ ಫೇಲ್ ಆಗಿದ್ನೆವ್ವಾ,” ಎಂದಳು ಅತ್ತೆ. “ಗಣಿತದಾಗ. ಮನಿಗೆ ಬಂದು ಬಾಗಲದಾಗ ನಿಂತೆ. ಅಪ್ಪ ಬೈಲಿಲ್ಲ. ಅವ್ವ ಬೈಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಮರುದಿವಸ ಮನಿಗೆ ಹೊಲಿಗಿ ಮಷಿನ್ ಬಂತು.”

ಸೆರಗಿನ ತುದಿಯಿಂದ ಮಗಳ ಮೊಣಕಾಲಿನ ಮಣ್ಣು ಒರೆಸಿದಳು.

“ಒಂದ ಮಾತ ಬೈದಿದ್ರ, ಇನ್ನೊಮ್ಮೆ ಪರೀಕ್ಷಾಕ್ಕ ಕುಂದ್ರು ಅಂದಂಗರ ಆಗ್ತಿತ್ತು. ಸಿನಿಮಾದಾಗ ಕೋಚ್ ಬೈಯೂದು ನೋಡಿದ್ರ... ಏ ಹುಚ್ಚಿ, ಇಷ್ಟ್ ಜಲ್ದಿ ಬಿಡ್ತಾರೇನು? ನಾಳೆ ಪ್ರಾಕ್ಟೀಸ್ ಎಷ್ಟಕ್ಕ ಐತಿ?”

“ಆರಕ್ಕ.”

“ಎದ್ದೇಳು ಮತ್ತ. ಮನಿಗೆ ಹೋಗಿ ಉಂಡು ಮಲ್ಕೊ.”

ಆ ಮಷಿನ್ನಿನ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳುತ್ತ ಬಂದಿದ್ದೇನೆ. ಅದು ಯಾವ ದಿನ ಮನೆಗೆ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಗ್ಗೆ ಐದೂವರೆಗೆ ಅತ್ತೆ ನಮ್ಮ ಬಾಗಿಲು ಬಡಿದಳು. ಮೂವರೂ ಸಾಲೆಯ ಮೈದಾನಕ್ಕೆ ಹೋದೆವು. ಅತ್ತೆ ಗೋಲಿನ ಹಿಂದೆ ನಿಂತಳು. ಆ ದಿನ ನನ್ನ ಮಗಳು ಮೂರು ಚೆಂಡು ಹಿಡಿದಳು, ಹದಿನೆಂಟು ಬಿಟ್ಟಳು. ಹದಿನೆಂಟನ್ನೂ ಅತ್ತೆ ಸೀರೆ ಎತ್ತಿ ಕಟ್ಟಿಕೊಂಡು, ಓಡಿ ಹೋಗಿ ತಂದುಕೊಟ್ಟಳು.