ಕೂಗುವ ನಳ

ಯಂಕೇಶನ ಮನೆಯ ನಳಕ್ಕೆ ನೀರು ಬರುವ ಮೊದಲು ಗಾಳಿ ಬರುತ್ತಿತ್ತು, ಗಾಳಿಯ ಜೊತೆ ಸದ್ದು ಬರುತ್ತಿತ್ತು. ಅದು ಈಯಲು ಕಷ್ಟಪಡುತ್ತಿರುವ ಎಮ್ಮೆಯ ದನಿಯಲ್ಲಿ ಶುರುವಾಗಿ, ಗೋಡೆಗುಂಟ ಹೋದ ಕಬ್ಬಿಣದ ಪೈಪನ್ನು ಗಡಗಡ ನಡುಗಿಸಿ, ಮಹಡಿಯ ಮಲಗುವ ಕೋಣೆಯವರೆಗೆ ಹೋಗಿ ಮುಟ್ಟುತ್ತಿತ್ತು. ಕುಷ್ಟಗಿಯ ಆ ಓಣಿಯಲ್ಲಿ ಅವನದೇ ಮೊದಲ ಮನೆ. ಓಣಿಗೆ ತಿರುಗುವ ನೀರು ತನ್ನ ಮುಂದಿದ್ದ ಗಾಳಿಯನ್ನೆಲ್ಲ ಮೊದಲು ಅಲ್ಲಿಗೇ ನೂಕುತ್ತಿತ್ತು.

ನೀರಿಗೆ ಇಂಥದೇ ದಿನ, ಇಂಥದೇ ಹೊತ್ತು ಎಂಬುದಿರಲಿಲ್ಲ. ಕರೆಂಟು, ಮೋಟರು ಮತ್ತು ನೀರು ಬಿಡುವ ಹನಮಪ್ಪನ ಸೈಕಲ್ಲು ಮೂರೂ ಸರಿಯಿದ್ದ ದಿನ ನೀರು. ಯಂಕೇಶನಿಗೆ ಆ ಚಿಂತೆ ಇರಲಿಲ್ಲ. ಅವನ ಅಂಗಳದ ಹೌದಿಗೆ ನೀರು ತಾನಾಗಿಯೇ ಬಂದು ಬೀಳುತ್ತಿತ್ತು. ಅವನ ಚಿಂತೆ ಸದ್ದಿನದು. ಪೈಪು ಕೂಗಿದಾಗಲೆಲ್ಲ ಓಣಿಯ ಹೆಂಗಸರು ಕೊಡಗಳನ್ನು ಬಗಲಲ್ಲಿಟ್ಟುಕೊಂಡು ಹೊರಗೆ ಬಂದು ಅವನ ಮನೆಯ ಕಡೆ ನೋಡುತ್ತಿದ್ದರು. ತನ್ನ ಅವಮಾನ ನೋಡಲು ಬರುತ್ತಾರೆ, ನೆವಕ್ಕೆ ಕೊಡ ಹಿಡಿದಿರುತ್ತಾರೆ ಎಂದು ಅವನು ತಿಳಿದಿದ್ದ.

ಬಾಡಿಗೆಗೆಂದು ಕಟ್ಟಿಸಿದ ಮಹಡಿ ಮನೆ ಖಾಲಿ ಬಿದ್ದಿತ್ತು. ಬಂದವರೆಲ್ಲ ಸದ್ದು ಕೇಳಿ ಹೋಗಿದ್ದರು. ಒಂದು ಕುಟುಂಬವಂತೂ ಹಾಲು ಉಕ್ಕಿಸುತ್ತಿದ್ದಾಗಲೇ ಪೈಪು ಕೂಗಿದ್ದರಿಂದ ಉಕ್ಕದ ಹಾಲಿನ ಪಾತ್ರೆಯನ್ನೂ ಎತ್ತಿಕೊಂಡು ಹೋಗಿತ್ತು.

ಹೆಂಡತಿ ಲಲಿತಾ ಒಂದು ಮಾತು ಹೇಳಿ ಮುಗಿಸಿದ್ದಳು.

"ಆಯ್ತವಾರದೊಳಗ ಯಾರೂ ಬರಲಿಲ್ಲಂದ್ರ ನಮ್ಮ ಸುಭಾಷಗ ಬಾ ಅಂತೀನಿ ನೋಡ್ರಿ. ನನ್ನ ತಮ್ಮ ಯಲಬುರ್ಗಾದಾಗ ಒಂದ ಖೋಲ್ಯಾಗ ಅದಾನ. ಇಲ್ಲಿ ಇಷ್ಟು ದೊಡ್ಡ ಮನಿ ಇಲಿಗೆ ಬಿಟ್ಟೀರಿ."

ಸುಭಾಷ ಬ್ಯಾಂಡ್ ಕಂಪನಿಯಲ್ಲಿ ತುತ್ತೂರಿ ಊದುತ್ತಿದ್ದ. ಮದುವೆಗಳಿಲ್ಲದ ದಿನ ಅಭ್ಯಾಸ ತಪ್ಪಬಾರದೆಂದು ಮನೆಯಲ್ಲಿ ಊದುತ್ತಿದ್ದ. ಕಳೆದ ಪಂಚಮಿಗೆ ಬಂದು ಊದಿ ಹೋದ ಮೇಲೆ ಯಂಕೇಶನ ಎಡಗಿವಿ ಇನ್ನೂ ಪೂರ್ತಿ ತಿರುಗಿ ಬಂದಿರಲಿಲ್ಲ.

ಆ ದಿನ ಸಂಜೆ ಸರಕಾರಿ ದವಾಖಾನೆಯ ನರ್ಸು ಖುಷ್ಬು ಮನೆ ನೋಡಲು ಬರುವವಳಿದ್ದಳು. ಒಬ್ಬಳೇ ಹೆಣ್ಣುಮಗಳು, ಸರಕಾರಿ ನೌಕರಿ, ಮೆಲ್ಲನೆಯ ಮಾತು. ಯಂಕೇಶ ಹೈಸ್ಕೂಲಿನ ಗುಮಾಸ್ತಿಕೆಗೆ ರಜೆ ಹಾಕಿ, ಬೆಳಿಗ್ಗೆಯೇ ಪ್ಲಂಬರ್ ರಾಜಾಸಾಬನನ್ನು ಕರೆತಂದ.

ರಾಜಾಸಾಬ ಎಲೆಅಡಿಕೆಯನ್ನು ದವಡೆಗೆ ಒತ್ತಿಕೊಂಡು ಪೈಪನ್ನು ಉದ್ದಕ್ಕೂ ನೋಡಿದ.

"ಇದನ್ನ ಯಾವ ಮಬ್ಬ ಕೂಡಿಸ್ಯಾನ್ರಿ? ಒಂದು ಕ್ಲಾಂಪ್ ಇಲ್ಲ, ಏನಿಲ್ಲ."

"ನೀನ ಅಲ್ಲೇನು, ರಾಜಾಸಾಬ."

ರಾಜಾಸಾಬ ಇನ್ನೊಮ್ಮೆ ನೋಡಿದ. "ಹಂಗಾರ ಕೆಲಸ ಛಲೋ ಆಗೈತಿ. ನಿಮ್ಮ ಗ್ವಾಡಿ ಸರಿ ಇಲ್ಲ."

ಅಷ್ಟರಲ್ಲಿ ಎದುರು ಮನೆಯ ವಿರುಪಣ್ಣ ಬಂದ. ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿ ನಿವೃತ್ತನಾದವನು. ಯಾರ ಮನೆಯಲ್ಲಿ ಏನು ಕೆಟ್ಟರೂ ಅವನಿಗೆ ಅದರಲ್ಲಿ ಒಂದು ದನ ಕಾಣುತ್ತಿತ್ತು. ಪೈಪನ್ನು ಬೆರಳಿನಿಂದ ಬಡಿದು, ಕಿವಿ ಹಚ್ಚಿ, ಕಣ್ಣು ಮುಚ್ಚಿದ.

"ವಾಯು," ಎಂದ. "ಹೊಟ್ಟಿ ಉಬ್ಬೈತಿ. ಎತ್ತಿಗೆ ಹಿಂಗ ಉಬ್ಬಿದ್ರ ಬಗಲಾಗ ತೂತು ಹಾಕಿ ಗಾಳಿ ಬಿಡ್ತಿದ್ವಿ."

"ಇದು ಕಬ್ಬಿಣದ್ದೈತ್ರಿ, ಕಾಕಾ," ಎಂದ ಯಂಕೇಶ.

"ಯಾವುದರಾಗ ಇದ್ರೂ ವಾಯು ವಾಯುನ, ತಮ್ಮಾ."

ತೊಡಕೆಂದರೆ ಪೈಪು ಈಗ ಸುಮ್ಮನಿತ್ತು. ಕೂಗದ ಪೈಪಿನ ರೋಗ ತನಗೆ ಹೇಗೆ ಗೊತ್ತಾಗಬೇಕೆಂದು ರಾಜಾಸಾಬ ಕೇಳಿದ. ಬಾಗಿಲ ಹತ್ತಿರದ ಜೋಡಣೆ ಬಿಚ್ಚಿ ಯಾರಾದರೂ ಊದಬೇಕು ಎಂದು ತೀರ್ಮಾನವಾಯಿತು. ರಾಜಾಸಾಬನ ಬಾಯಿಯಲ್ಲಿ ಎಲೆಅಡಿಕೆ ಇತ್ತು. ವಿರುಪಣ್ಣನ ಬಾಯಿಯಲ್ಲಿ ಕಟ್ಟಿಸಿದ ಹಲ್ಲಿದ್ದವು. ಉಳಿದವನು ಯಂಕೇಶ.

ಅವನು ರಸ್ತೆಯ ಬದಿಗೆ ಮೊಣಕಾಲೂರಿ, ಪೈಪಿಗೆ ಬಾಯಿ ಹಚ್ಚಿ, ಎದೆಯಲ್ಲಿದ್ದದ್ದನ್ನೆಲ್ಲ ಊದಿದ. ಒಳಗೆ ನಳ ನರಳಿತು. ಇನ್ನೊಮ್ಮೆ ಊದಿದ. ನಳ ಕೂಗಿತು. ಓಣಿಯ ಆಚೆ ತುದಿಯಿಂದ ಯಾರದೋ ಎಮ್ಮೆ ಉತ್ತರ ಕೊಟ್ಟಿತು.

ಕಣ್ಣು ತೆರೆದಾಗ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ಸುತ್ತ ನಿಂತಿದ್ದರು. ಪಕ್ಕದ ಮನೆಯ ಮುದುಕಿ ಮುದಕಮ್ಮ ಎರಡು ಕೊಡ ತಂದಿದ್ದಳು.

"ಸುಮ್ಮ ಸುಮ್ಮನ ಯಾಕ ಕೂಗಸ್ತೀಯೋ ಯಂಕ್ಯಾ? ಒಲಿ ಮ್ಯಾಲಿನ ಪಲ್ಯಾ ಬಿಟ್ಟು ಓಡಿ ಬಂದೀನಿ."

"ನಿಮಗ್ಯಾರು ಬಾ ಅಂದಿದ್ರು, ಯವ್ವಾ?" ಎಂದ ಯಂಕೇಶ, ತುಟಿಯ ತುಕ್ಕು ಒರೆಸಿಕೊಳ್ಳುತ್ತ. "ಇವತ್ತಿಗೆ ಮುಗೀತು. ನಾಳಿಂದ ಯಾರೂ ನೋಡಾಕ ಬರೂದು ಬ್ಯಾಡ."

ಮುದಕಮ್ಮ ಅವನನ್ನೂ ಕೊಡವನ್ನೂ ನೋಡಿ, ಪಲ್ಯ ಸೀದ ವಾಸನೆ ಬಂದದ್ದರಿಂದ ಮಾತು ಬೆಳೆಸದೆ ಹೋದಳು.

ರಾಜಾಸಾಬನಿಗೆ ರೋಗ ಸಿಕ್ಕಿತು. ಹಳೆಯ ಹಿತ್ತಾಳೆ ನಳದೊಳಗೆ ವಾಷರ್ ಸಡಿಲಾಗಿ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ತಿರುವಲು ಹೋದಾಗ ನಳದ ಜೊತೆ ಪೈಪೂ, ಪೈಪಿನ ಜೊತೆ ಗೋಡೆಯ ಒಂದು ಮಾರು ಗಿಲಾಯಿಯೂ ಕಿತ್ತು ಬಂತು. ಗಿಲಾಯಿ ವಿರುಪಣ್ಣನ ಹೆಗಲ ಮೇಲೆ ಬಿತ್ತು. ಅವನು ಅದನ್ನು ಕೊಡವಿಕೊಂಡು, ಹೋರಿ ಒದ್ದದ್ದರ ಮುಂದೆ ಇದೇನೂ ಅಲ್ಲವೆಂದು ಒಂದು ಹೋರಿಯ ಕತೆ ಹೇಳಿದ. ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ನಳ ಕೂತಿತು. ಪೈಪಿಗೆ ರಬ್ಬರ್ ಸುತ್ತಿ ಕ್ಲಾಂಪ್ ಬಿಗಿದದ್ದಾಯಿತು. ವಿರುಪಣ್ಣನ ಹಟಕ್ಕೆ, ಗಾಳಿ ಮೇಲೆ ಹೋಗಲೆಂದು ಒಂದು ಸಣ್ಣ ಪೈಪನ್ನು ಕೊಂಬಿನ ಹಾಗೆ ನಿಲ್ಲಿಸಿದರು. ಹಿತ್ತಾಳೆಯ ನಳವನ್ನು ಲಲಿತಾ ಗುಜರಿಯ ಅಲ್ತಾಫನ ಗಾಡಿಗೆ ಹಾಕಿ ಉಳ್ಳಾಗಡ್ಡಿ ತೆಗೆದುಕೊಂಡಳು. ಅವನ ಗಾಡಿ ಅಲ್ಲಿಂದಲೇ ಊರು ಬಿಟ್ಟು ಹೋಯಿತು.

ಯಂಕೇಶ ಮತ್ತೆ ಊದಿದ. ಬಿಸಿ ಅನ್ನದ ಮೇಲೆ ಊದಿದಷ್ಟೂ ಸದ್ದಾಗಲಿಲ್ಲ. ಯಾವ ಹೆಂಗಸೂ ಹೊರಗೆ ಬರಲಿಲ್ಲ. ರಾಜಾಸಾಬ ಜೋಡಣೆ ಬಿಗಿದು ಹೊರಟುಹೋದ.

ಸಂಜೆ ಖುಷ್ಬು ಬಂದಳು. ಮಹಡಿ ಹತ್ತಿ ಅಡುಗೆಮನೆ, ಕಿಟಕಿ, ಬಟ್ಟೆ ಒಣಗಿಸುವ ಜಾಗ ನೋಡಿದಳು. ಎಲ್ಲಕ್ಕೂ ತಲೆಯಾಡಿಸಿದಳು. ಮಲಗುವ ಕೋಣೆಗೆ ಬಂದು ಗೋಡೆಗೆ ಕಿವಿ ಹಚ್ಚಿ ನಿಂತಳು.

"ಕೂಗೂ ಪೈಪು ಇದ ಗ್ವಾಡ್ಯಾಗ ಐತೇನ್ರಿ, ಸರ್?"

"ಇತ್ತು, ಮೇಡಂ. ಇವತ್ತ ರಿಪೇರಿ ಮಾಡಿಸೀನಿ. ಇನ್ನ ಇರುವಿ ಹರದಷ್ಟೂ ಸಪ್ಪಳ ಆಗಂಗಿಲ್ಲ."

ಖುಷ್ಬು ಗೋಡೆಯಿಂದ ಕಿವಿ ತೆಗೆದಳು.

"ಅಯ್ಯ, ಯಾಕ್ರಿ ಸರ್? ನಾನು ರಾತ್ರಿ ಡ್ಯೂಟಿ ಮುಗಿಸಿ ಹಗಲೆಲ್ಲ ಮಲಗಾಕಿ. ಈಗಿರೋ ಮನ್ಯಾಗ ನೀರು ಬಂದು ಹೋಗಿದ್ದ ಗೊತ್ತಾಗಂಗಿಲ್ಲ. ಈ ಓಣ್ಯಾಗ ಒಂದು ಮನಿ ಐತಿ, ನೀರು ಬಂದ್ರ ಪೈಪ ಎಬ್ಬಸ್ತೈತಿ ಅಂತ ನಮ್ಮ ದವಾಖಾನಿ ಆಯಾ ಹೇಳಿದ್ಲು. ಅದಕ್ಕಂತನ ಬಂದೀನಿ."

ಅಷ್ಟರಲ್ಲೇ ಕೆಳಗೆ ಗಲಾಟೆ ಶುರುವಾಯಿತು. ಹನಮಪ್ಪ ವಾಲ್ವ್ ತಿರುವುವ ರಾಡನ್ನು ಹೆಗಲ ಮೇಲಿಟ್ಟುಕೊಂಡು ಸೈಕಲ್ಲಿನಲ್ಲಿ ಹೊರಟಿದ್ದ. ಮುದಕಮ್ಮ ಅವನನ್ನು ಅಡ್ಡಗಟ್ಟಿದ್ದಳು.

"ನೀರು ಯಾವಾಗ ಬಿಡ್ತೀಯೋ ಹನಮಪ್ಪ?"

"ಬಿಟ್ಟು ಬಂದ್ ಮಾಡಿ ಹೊಂಟೀನಿ, ಯವ್ವಾ. ಇನ್ನ ಮುಂದಿನ ವಾರ."

ಖಾಲಿ ಕೊಡಗಳೆಲ್ಲ ಯಂಕೇಶನ ಮನೆಯ ಮುಂದೆ ಬಂದು ನಿಂತವು. ಅವನು ಕೆಳಗಿಳಿದು ಬಂದ. ಅವನ ಹೌದಿ ಮಾತ್ರ ತುಂಬಿ ತುಳುಕುತ್ತಿತ್ತು.

"ಇಷ್ಟು ವರ್ಷ ನಿನ್ನ ನಳ ಕೂಗಿದ್ರ ನೀರು ಬಂತಂತ ಕೊಡ ತಗೊಂಡು ನಮ್ಮ ನಳಕ್ಕ ಬರ್ತಿದ್ವಿ," ಎಂದಳು ಮುದಕಮ್ಮ. "ಅದರ ಬಾಯಿ ಯಾಕ ಕಟ್ಟಿದಿ?"

"ನೀವು ನನ್ನ ನೋಡಾಕ ಬರ್ತಿದ್ದಿಲ್ಲೇನು?"

"ನಿನ್ನಾಗ ನೋಡೂದೇನೈತೋ, ಯಪ್ಪಾ?"

"ನಾ ಬೆಳಿಗ್ಗೆನ ಅಂದಿದ್ದೆ," ಎಂದ ವಿರುಪಣ್ಣ, ಹೆಗಲಿಗೆ ಹತ್ತಿದ ಗಿಲಾಯಿಯ ಸುಣ್ಣ ಇನ್ನೂ ಹಾಗೇ ಇರುವಾಗ. "ವಾಯು ಇದ್ರ ಇರಲಿ, ಮುಟ್ಟಬ್ಯಾಡಂತ."

ಖುಷ್ಬು ಚಪ್ಪಲಿ ಮೆಟ್ಟಿಕೊಂಡು, "ಬರ್ತೀನ್ರಿ ಸರ್, ಮನಿ ಮಾತ್ರ ಭಾಳ ಛಲೋ ಐತಿ," ಎಂದು ಹೇಳಿ ಹೋದಳು. ಆ ಸಂಜೆ ಓಣಿಯೆಲ್ಲ ಯಂಕೇಶನ ಹೌದಿಯಿಂದ ನೀರು ತುಂಬಿಕೊಂಡಿತು. ತಳದ ಪಾಚಿ ಕಂಡ ಮೇಲೆ ಮುದಕಮ್ಮ ಕೊನೆಯ ಕೊಡ ಎತ್ತಿದಳು.

ಲಲಿತಾ ಉಳ್ಳಾಗಡ್ಡಿ ಹೆಚ್ಚುತ್ತ ಕುಳಿತಿದ್ದಳು.

"ನೀರು ಬಂದದ್ದು ಅವರಿಗೆ ನಮ್ಮ ನಳದಿಂದ ಗೊತ್ತಾಗ್ತೈತಿ ಅಂತ ನಿನಗ ಗೊತ್ತಿತ್ತೇನು?" ಎಂದು ಯಂಕೇಶ ಕೇಳಿದ.

"ಗೊತ್ತಿರದೇನ್ರಿ?"

"ಮತ್ತ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಎಂದು ಲಲಿತಾ ಫೋನು ತೆಗೆದುಕೊಂಡು ತಮ್ಮನಿಗೆ ಹಚ್ಚಿದಳು.

ಆಯ್ತವಾರ ಸುಭಾಷ ಬಂದ. ಓಣಿಯವರು ಅವನನ್ನು ಓಡಿಸುತ್ತಾರೆಂದು ಯಂಕೇಶ ಅಂದುಕೊಂಡಿದ್ದ, ಹಾಗಾಗಲಿಲ್ಲ. ತುತ್ತೂರಿಯ ಪೆಟ್ಟಿಗೆ ನೋಡಿದ್ದೇ ವಿರುಪಣ್ಣ ಅದನ್ನು ತಾನೇ ಮೇಲೆ ಹೊತ್ತ. ಹೆಂಗಸರು ಹಾಸಿಗೆ, ಪಾತ್ರೆ ಸಾಗಿಸಿದರು. ನೀರು ಬಂದ ಕೂಡಲೇ ಮಹಡಿಯಿಂದ ಸುಭಾಷ ಊದಬೇಕು, ಓಣಿಯ ಕೊನೆಯ ಮನೆಗೂ ಕೇಳಬೇಕು ಎಂದು ಮಾತಾಯಿತು. ಸುಭಾಷನ ಕಣ್ಣಲ್ಲಿ ನೀರು ಬಂತು.

"ನಾ ಊದ್ಲಿ ಅಂತ ಯಾರೂ ಹಿಂಗ ದಾರಿ ಕಾದಿದ್ದಿಲ್ಲ, ಮಾವಾ."

"ನೀರು ಬಂದದ್ದು ಅವಗ ಹೇಳೂರು ಯಾರು?" ಎಂದು ವಿರುಪಣ್ಣ ಕೇಳಿದ. "ನಳ ಅಂತೂ ಬಾಯಿ ಬಿಡಂಗಿಲ್ಲ."

ಎಲ್ಲರೂ ಯಂಕೇಶನ ಕಡೆ ನೋಡಿದರು. ಈ ಸಲ ಅವರು ನಿಜವಾಗಿಯೂ ಅವನನ್ನೇ ನೋಡುತ್ತಿದ್ದರು.

ಈಗ ಯಂಕೇಶ ಶಾಲೆಗೆ ಹೋಗುವ ಮೊದಲು, ಶಾಲೆಯಿಂದ ಬಂದ ಮೇಲೆ, ನಳದ ಮುಂದೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಮೇಲೆ ಸುಭಾಷನ ಅಭ್ಯಾಸ ನಡೆದಿರುವುದರಿಂದ ಕಿವಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ಪೈಪಿನ ಮೇಲೆ ಅಂಗೈ ಇಟ್ಟು, ನಾಡಿ ಹಿಡಿದವನಂತೆ ಕಣ್ಣು ಮುಚ್ಚಿಕೊಂಡಿರುತ್ತಾನೆ.

ಮುದಕಮ್ಮ ಖಾಲಿ ಕೊಡ ಹಿಡಿದು ಹಣಿಕಿ ಹಾಕುತ್ತಾಳೆ.

"ಏನಾರ ಅಂತೈತೇನೋ?"

"ಏನೂ ಅನ್ನವಲ್ದು, ಯವ್ವಾ."

"ಭಾಳ ಛಲೋ ರಿಪೇರಿ ಮಾಡ್ಸಿದಿ ಬಿಡು," ಎಂದು ಅವಳು ಕೊಡವನ್ನು ಅವನ ಪಕ್ಕದಲ್ಲೇ ಇಟ್ಟು ಮನೆಗೆ ಹೋಗುತ್ತಾಳೆ.