ಹಿತ್ತಲಿಗೊಂದು ಗಾಜಿನ ಬಾಗಿಲು

ಎರ್ರಿಸ್ವಾಮಿ ಮೇಷ್ಟ್ರ ಹೊಸ ಮನೆಯಲ್ಲಿ ಎಲ್ಲ ಮುಗಿದಿತ್ತು, ಹಿತ್ತಲ ಬಾಗಿಲೊಂದನ್ನು ಬಿಟ್ಟು. ಅಡುಗೆಮನೆಯ ಪಕ್ಕದ ಗೋಡೆ ಆರಡಿ ಅಗಲಕ್ಕೆ, ಏಳಡಿ ಎತ್ತರಕ್ಕೆ ಆಕಳಿಸುತ್ತಾ ನಿಂತಿತ್ತು. ಸದ್ಯಕ್ಕೆ ಅದಕ್ಕೊಂದು ನೀಲಿ ಟಾರ್ಪಾಲು ಕಟ್ಟಿದ್ದರು.

ಮೇಷ್ಟ್ರು ಹಿರಿಯೂರಿನ ಹೈಸ್ಕೂಲೊಂದರಲ್ಲಿ ಡ್ರಿಲ್ ಹೇಳಿಕೊಡುವವರು. ಅವರ ಒಂದು ಕೂಗಿಗೆ ಇನ್ನೂರು ಮಕ್ಕಳು ಎದೆ ಸೆಟೆಸಿ ನಿಲ್ಲುತ್ತಿದ್ದರು. ಆದರೆ ಮೈದಾನದ ಗೇಟು ದಾಟಿದರೆ ಮುಗಿಯಿತು, ಯಾರಿಗೂ "ಆಗಲ್ಲ" ಅನ್ನಲು ಅವರಿಗೆ ಬಾಯಿ ಬರುತ್ತಿರಲಿಲ್ಲ. ಮನೆಯ ಮರಗೆಲಸವನ್ನೆಲ್ಲ ಮಾಡಿದ್ದ ನಜೀರ್ ಅಹಮದ್ ಸಾಬರು, "ಹಿತ್ಲಿಗೆ ತೇಗದಾಗೆ ನಾಕು ಮಡಿಕೆ ಬಾಗ್ಲು ಮಾಡಾಣ ಮೇಷ್ಟ್ರೇ" ಎಂದಾಗ "ಆಗ್ಲಿ ಸಾಬ್ರೇ" ಎಂದಿದ್ದರು. ಅದೇ ಸಂಜೆ ಹೆಂಡತಿ ಸರ್ವಮಂಗಳ, "ನಂಗೆ ಜಾರಿಸೋ ಗಾಜಿನ ಬಾಗ್ಲೇ ಬೇಕು ಕಣ್ರಿ, ಒಳಗೆ ಕುಂತು ಸೊಪ್ಪು ಬಿಡಿಸ್ತಾ ಹಿತ್ಲು ನೋಡ್ಬೇಕು" ಎಂದಾಗಲೂ "ಆಗ್ಲಿ" ಎಂದಿದ್ದರು.

ಎರಡು ಆಗ್ಲಿಗಳ ನಡುವೆ ಒಂದು ವಾರ ಒದ್ದಾಡಿ, ಭಾನುವಾರ ಬೆಳಿಗ್ಗೆ ಮೇಷ್ಟ್ರು ಚಿತ್ರದುರ್ಗದ ಗಾಜಿನಂಗಡಿಗೆಂದು ಕದ್ದು ಹೊರಟರು. ಸಾಬರಿಗೆ ಆಮೇಲೆ ಹೇಗೋ ಹೇಳಿದರಾಯಿತು ಎಂದುಕೊಂಡು ಬಸ್ ನಿಲ್ದಾಣಕ್ಕೆ ಕಾಲಿಟ್ಟರೆ, ಸಾಬರೇ ಎದುರಿಗೆ!

"ಎತ್ಲಾಗೆ ಹೊಂಟ್ರಿ ಮೇಷ್ಟ್ರೇ?"

"ಮತ್ತೋಡಿಗೆ... ನಮ್ ದೊಡ್ಡಪ್ಪಂಗೆ ಹುಷಾರಿಲ್ಲ." ಬಾಯಿಗೆ ಬಂದದ್ದು ಅದು. ಮತ್ತೋಡಿನಲ್ಲಿ ಅವರಿಗೆ ದೊಡ್ಡಪ್ಪನಿರಲಿ, ಪರಿಚಯದವರೂ ಇರಲಿಲ್ಲ.

"ಅಯ್ಯೋ ಪಾಪ! ಹೊಸದುರ್ಗದ ಬಸ್ಸು ಇಲ್ಲೇ ನಿಂತೈತೆ, ಬರ್ರಿ ಬರ್ರಿ." ಸಾಬರು ಮೇಷ್ಟ್ರ ತೋಳು ಹಿಡಿದು ಬಸ್ ಹತ್ತಿಸಿದರು. ಕಿಟಕಿ ಪಕ್ಕದ ಸೀಟಿನ ದೂಳನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿ, "ಕುಂತ್ಕಳ್ರಿ" ಎಂದರು. ಕಂಡಕ್ಟರಿಗೆ, "ಮೇಷ್ಟ್ರು ಬೇಜಾರಾಗವ್ರೆ, ಮತ್ತೋಡಿಗೆ ಹುಷಾರಾಗಿ ತಲುಪ್ಸಪ್ಪ" ಎಂದು ಒಪ್ಪಿಸಿದರು. ಬಸ್ಸು ತಿರುವು ದಾಟುವವರೆಗೂ ಕೈ ಬೀಸುತ್ತಲೇ ಇದ್ದರು. ಆ ಕೈ ಕಂಡಷ್ಟು ಹೊತ್ತೂ ಮೇಷ್ಟ್ರ ಕಿವಿ ಬಿಸಿಯಾಗಿತ್ತು.

ಮುಂದಿನ ನಿಲ್ದಾಣದಲ್ಲೇ ಅವರು ಎದ್ದು ನಿಂತಾಗ ಕಂಡಕ್ಟರ್, "ಸಾರ್, ಮತ್ತೋಡು ಇನ್ನೂ ಬಾಳ ದೂರ ಐತೆ" ಎಂದ.

"ಗೊತ್ತು ಕಣಪ್ಪ" ಎಂದು ಇಳಿದು, ತಲೆಗೆ ಟವೆಲ್ ಸುತ್ತಿಕೊಂಡು, ಸಾಲ ಮಾಡಿ ಓಡಿಹೋಗುವವನಂತೆ ಗೋಡೆಗೋಡೆ ಸವರಿ ನಡೆದು ಬಂದು ಚಿತ್ರದುರ್ಗದ ಬಸ್ಸು ಹಿಡಿದರು.

ಅಂಗಡಿಯಲ್ಲಿ ದಿವ್ಯಾ ಎಂಬ ಹುಡುಗಿ ಬಾಗಿಲುಗಳನ್ನು ತೋರಿಸಿದಳು. ಜಾರಿಸುವುದು, ಮಡಚುವುದು, ತಳ್ಳುವುದು. ಕೊನೆಯಲ್ಲಿ ಪ್ಲಾಸ್ಟಿಕ್ ಹುಲ್ಲು ಹಾಸಿ ಬೆತ್ತದ ಕುರ್ಚಿ ಇಟ್ಟ ಪುಟ್ಟ ಅಂಗಳವೊಂದಿತ್ತು. ನಡೆದು ಸುಸ್ತಾಗಿದ್ದ ಮೇಷ್ಟ್ರಿಗೆ ಆ ಕುರ್ಚಿಯ ಮೇಲೆ ಆಸೆಯಾಯಿತು. "ಒಂದ್ನಿಮಿಷ ಕೂರ್ತೀನಮ್ಮ" ಎಂದು ಡ್ರಿಲ್ಲಿನ ಹೆಜ್ಜೆಯಲ್ಲಿ ನೆಟ್ಟಗೆ ನಡೆದರು.

ಢಬ್!

ನಡುವೆ ಗಾಜಿತ್ತು.

ಅಂಗಡಿಯಲ್ಲಿದ್ದ ಅಷ್ಟೂ ಜನ ತಿರುಗಿದರು. ದಿವ್ಯಾ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡೇ ಐಸು ತಂದಳು. ಮೂಗು ಗುಂಡು ಬದನೆಕಾಯಿಯಾಗಿತ್ತು. ಇನ್ನೊಂದು ಕ್ಷಣವೂ ಅಲ್ಲಿ ನಿಲ್ಲಲಾಗದೆ ಮೇಷ್ಟ್ರು, "ಇದೇ ಬಾಗ್ಲು ಇರ್ಲಿ, ಬರ್ಕಳಮ್ಮ" ಎಂದು ಅಳತೆ, ವಿಳಾಸ, ಅಡ್ವಾನ್ಸು ಕೊಟ್ಟು ಹೊರಬಿದ್ದರು.

ನಾಲ್ಕು ಗಂಟೆಗೆ ಊರು ಮುಟ್ಟಿದಾಗ ಪಕ್ಕದ ಮನೆಯ ಕೆಂಚಪ್ಪ ಜಗಲಿಯ ಮೇಲೆ ಕೂತಿದ್ದ. "ಏನಪ್ಪ ಮೇಷ್ಟ್ರೇ, ಮೂಗಿಗೇನಾತು?"

"ಬಸ್ಸು ಗಕ್ಕಂತ ಬ್ರೇಕ್ ಹಾಕ್ತು, ಮುಂದಿನ ಸೀಟಿಗೆ ಹೊಡ್ಕಂಡೆ."

ಹಿತ್ತಲಿನಲ್ಲಿ ಮುಖ ತೊಳೆಯಲು ಹೋದರೆ ಬೇಲಿಯಾಚೆಯಿಂದ ಕೆಂಚಪ್ಪನ ಹೆಂಡತಿ ವೀರಮ್ಮ ಕೇಳಿದಳು. ಬಸ್ಸಿನ ಕತೆ ಯಾಕೋ ಸಪ್ಪೆಯೆನಿಸಿ ಮೇಷ್ಟ್ರು, "ದೊಡ್ಡಪ್ಪನ ಮನೆ ಎಮ್ಮೆ ತಲೆ ಒದರ್ತು ಕಣಮ್ಮ" ಎಂದರು.

ಹತ್ತು ನಿಮಿಷಕ್ಕೆ ಗಂಡಹೆಂಡಿರಿಬ್ಬರೂ ಅರಿಶಿನದ ಪಟ್ಟು ಹಿಡಿದು ಬಂದರು.

"ಬಸ್ಸಂತೆ" ಎಂದ ಕೆಂಚಪ್ಪ.

"ಎಮ್ಮೆ ಅಂತಂದ್ರಲ್ಲ!" ಎಂದಳು ವೀರಮ್ಮ.

"ಎಮ್ಮೆ ಬಸ್ಸಿಗೆ ಅಡ್ಡ ಬಂತು" ಎಂದರು ಮೇಷ್ಟ್ರು. ಸರ್ವಮಂಗಳ ತಲೆ ತಗ್ಗಿಸಿ ಒಳಗೆ ಹೋದಳು.

ಅಷ್ಟರಲ್ಲಿ ನಜೀರ್ ಸಾಬರು ಮೂಸಂಬಿ ಹಣ್ಣಿನ ಚೀಲ ಹಿಡಿದು ಬಂದರು. "ದೊಡ್ಡಪ್ಪ ಹೆಂಗವ್ರೆ ಮೇಷ್ಟ್ರೇ?"

"ಎದ್ದು... ಕುಂತವ್ರೆ."

"ಸಂತೋಷ." ಸಾಬರು ಹಣ್ಣನ್ನು ಮೇಷ್ಟ್ರ ಕೈಗೆ ಕೊಟ್ಟು, ಜೇಬಿನಿಂದ ಮೊಬೈಲು ತೆಗೆದರು. "ನಂದೊಂದು ಸಣ್ಣ ಕೆಲಸ ಐತೆ. ದುರ್ಗದ ಗಾಜಿನಂಗಡಿಯೋರಿಗೆ ಈ ಕಡೆ ಬಾಗ್ಲು ಕೂರ್ಸೋನು ನಾನೇ. ಒಂದ್ವರ್ಷ ಆತು. ಮಧ್ಯಾಹ್ನ ಒಂದು ಆರ್ಡರ್ ಕಳ್ಸವ್ರೆ, ನಿಮ್ ವಿಳಾಸ ಐತೆ. ಗಿರಾಕಿಗೆ ಗಾಜು ಕಾಣಾಕಿಲ್ಲ, ಹುಷಾರಾಗಿ ಕೂರ್ಸಿ ಅಂತ ಅಂಗಡಿ ಕ್ಯಾಮೆರಾದ್ದೊಂದು ವಿಡಿಯೋನೂ ಹಾಕವ್ರೆ."

ಕೆಂಚಪ್ಪ ಇಣುಕಿದ, ವೀರಮ್ಮ ಇಣುಕಿದಳು. ಮೊಬೈಲಿನಲ್ಲಿ ಮೇಷ್ಟ್ರು ನೆಟ್ಟಗೆ ನಡೆದರು. ಢಬ್!

"ಇದ್ರಾಗೆ ಎಮ್ಮೆ ಎಲ್ಲೈತೆ?" ಎಂದಳು ವೀರಮ್ಮ.

ಮೇಷ್ಟ್ರಿಗೆ ಟಾರ್ಪಾಲಿನೊಳಗೆ ಸುತ್ತಿಕೊಂಡು ಮಲಗಿಬಿಡಬೇಕೆನಿಸಿತು. ಸಾಬರು ಮಾತ್ರ ನಗಲಿಲ್ಲ. ಅದೇ ಕಷ್ಟವಾಗಿತ್ತು.

"ನನ್ನನ್ನೇ ಕೇಳಿದ್ರೆ ನಾನೇ ಕರ್ಕಂಡೋಗ್ತಿದ್ದೆ ಮೇಷ್ಟ್ರೇ. ಈಗೆಲ್ಲ ಗಾಜಿನ ಕೆಲಸಾನೇ. ಕೈಗೆ ಉಳಿ ಹಿಡಿದು ಕಡೇದಾಗಿ ಒಂದು ಬಾಗ್ಲು ನಿಮ್ಮನೆಗೆ ಮಾಡಾಣ ಅಂತ ಆಸೆ ಇತ್ತು, ಅಷ್ಟೇಯ."

ಮೇಷ್ಟ್ರು ಕೈಯಲ್ಲಿದ್ದ ಹಣ್ಣಿನ ಚೀಲ ನೋಡಿದರು. "ಗಾಜು ಬ್ಯಾಡ ಸಾಬ್ರೇ. ತೇಗದ್ದೇ ಮಾಡ್ರಿ" ಎಂದರು.

"ಗಾಜು ಆಗ್ಲೇ ನಿಮ್ ಅಳತೆಗೆ ಕೊಯ್ದವ್ರೆ, ವಾಪಸ್ ತಗಳಾಕಿಲ್ಲ. ತೇಗದ ಹಲಗೆ, ಈ ಮೆಸೇಜು ಬಂದ್ಮೇಲೆ, ಬೇರೇರಿಗೆ ಕೊಟ್ಬಿಟ್ಟೆ." ಸಾಬರು ಕಿವಿಯ ಮೇಲಿನ ಪೆನ್ಸಿಲು ತೆಗೆದು, ಟೇಪು ಎಳೆದರು. "ಚಿಂತೆ ಬ್ಯಾಡ. ಗಾಜಿಗೊಂದು ಕೆಂಪು ಪಟ್ಟಿ ಅಂಟಿಸ್ತೀನಿ, ಮೂಗಿನ ಮಟ್ಟಕ್ಕೇ. ಗೋಡೆಗೆ ಒರಗಿ ನಿಂತ್ಕಳ್ರಿ."

ಮೇಷ್ಟ್ರಿಗೆ ಆಗಲ್ಲ ಎನ್ನಲಾಗಲಿಲ್ಲ. ಹಣ್ಣಿನ ಚೀಲ ಹಿಡಿದುಕೊಂಡೇ ಹಿಮ್ಮಡಿ ಜೋಡಿಸಿ ನಿಂತರು. ಬೇಲಿಯಾಚೆ ಇನ್ನೂ ನಾಲ್ಕು ತಲೆಗಳು ಎದ್ದಿದ್ದವು. ಟೇಪಿನ ತಣ್ಣನೆಯ ತುದಿ ಊದಿದ ಮೂಗಿಗೆ ತಾಗಿತು.

"ಉಸಿರು ಬಿಗಿ ಹಿಡೀಬ್ಯಾಡ್ರಿ ಮೇಷ್ಟ್ರೇ" ಎಂದರು ಸಾಬರು ಮೆಲ್ಲಗೆ, "ಅಳತೆ ಹೆಚ್ಚಿಗೆ ಬರ್ತೈತೆ."